ಅಧ್ಯಕ್ಷರ ಭುಜಕ್ಕೆ ಚಪ್ಪಲಿ ಅಂಟು

ಬಂದೂಕು ರಿಪೇರಿಯವನನ್ನು ಎದುರಿಗೆ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ ನಾಜೂಕಯ್ಯ. ಬೆನ್ನ ಹಿಂದಿನ ಹೆಸರೇ ಅವನಿಗೆ ಹೆಚ್ಚು ಒಪ್ಪುತ್ತಿತ್ತು. ಮುರಿದದ್ದನ್ನು ಕೂಡಿಸುವುದು ಲೋಕದ ಎಲ್ಲ ರಿಪೇರಿಯವರ ಕೆಲಸ. ಅದು ಮುರಿದೇ ಇರಲಿಲ್ಲ ಅನ್ನಿಸುವುದು ಇವನ ಹಟ. ಕೆಲಸ ಮುಗಿಸಿ ಸಾಮಾನನ್ನು ಗಿರಾಕಿಯ ಕೈಗಿಟ್ಟು, "ಎಲ್ಲಿ ಒಡೆದಿತ್ತು, ತೋರಿಸಿ ನೋಡೋಣ" ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಗಿರಾಕಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಸೋತು ತಲೆಯಾಡಿಸುವ ತನಕ ಅವನಿಗೆ ಆ ದಿನದ ಊಟ ರುಚಿಸುತ್ತಿರಲಿಲ್ಲ. ಆ ಸಾಮಾನು ಮತ್ತೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದು ಅವನ ಮಟ್ಟಿಗೆ ಗಿರಾಕಿಯ ಸ್ವಂತ ವಿಷಯ.

ಈ ವಿದ್ಯೆಯ ರುಚಿ ಮನೆಯವರಿಗೂ ಹತ್ತಿತ್ತು. ಹಿಡಿ ಮುರಿದ ಪಿಂಗಾಣಿ ಕಪ್ಪೊಂದನ್ನು ಅವನು ಎಷ್ಟು ಸೊಗಸಾಗಿ ಅಂಟಿಸಿದ್ದನೆಂದರೆ, ಮುರಿದದ್ದು ಯಾವುದು ಎಂದು ಹೆಂಡತಿಗೇ ಮರೆತುಹೋಗಿ, ಮನೆಗೆ ಬಂದ ತಮ್ಮನಿಗೆ ಅದರಲ್ಲೇ ಚಹಾ ಕೊಟ್ಟಳು. ಹಿಡಿ ತಮ್ಮನ ಬೆರಳಲ್ಲಿ ಉಳಿಯಿತು. ಕಪ್ಪು ತೊಡೆಯ ಮೇಲೆ ಇಳಿಯಿತು.

"ಬಿರುಕು ಕಂಡಿದ್ರೆ ಎರಡೂ ಕೈಯಲ್ಲಿ ಹಿಡ್ಕೋತಿದ್ದೆನಲ್ಲ ಭಾವ!" ಎಂದು ಆ ಬಾಮೈದ ಪ್ಯಾಂಟು ಕೊಡವುತ್ತಾ ಕುಣಿದಾಡಿದ.

"ಕಾಣಲಿಲ್ಲ ತಾನೇ?" ಎಂದ ನಾಜೂಕಯ್ಯ. ಸುಟ್ಟ ತೊಡೆಯ ಕಡೆ ಅವನು ನೋಡಲೇ ಇಲ್ಲ. ಹೊಗಳಿಕೆ ಕಿವಿಗೆ ಬಿದ್ದವನ ಹಾಗೆ ಅವನ ಮುಖ ಅರಳಿತ್ತು.

ಅವನ ಅಂಗಡಿ ಬೀಗದವರ ಓಣಿಯ ತುದಿಯಲ್ಲಿತ್ತು. ಮುಂದೆ ಅಂಗಡಿ, ಹಿಂದಿನ ಬಾಗಿಲು ತೆರೆದರೆ ಅಡುಗೆಮನೆ. ಗೋಡೆಗೆ ಅಳತೆಯ ಕ್ರಮದಲ್ಲಿ ತೂಗುಹಾಕಿದ ಅರಗಳು, ಬಂದೂಕಿನ ಮರಕ್ಕೆ ಗೀರು ಬೀಳದಂತೆ ದವಡೆಗೆ ಚರ್ಮ ಹೊದಿಸಿದ, ಸಾಮಾನನ್ನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ವೈಸು, ಎಣ್ಣೆ, ಸ್ಪಿರಿಟ್, ಸುಟ್ಟ ಮದ್ದು ಮೂರೂ ಬೆರೆತ ವಾಸನೆ. ಇದೆಲ್ಲ ಅಪ್ಪನ ಕಾಲದ್ದು. ಅಪ್ಪ ಊರಿನ ಬಂದೂಕುದಾರರ ಸಂಘದ ರಿಪೇರಿ ಮೇಸ್ತ್ರಿಯಾಗಿದ್ದವನು. ಸಂಘದ ಹಿಂದಿನ ಜಗಲಿಯಲ್ಲಿ ಒಂದು ಮಣೆಯ ಮೇಲೆ ಕೂತು ಕೆಲಸ ಮಾಡಿ, ಅಲ್ಲಿಂದಲೇ ಎದ್ದು ಮನೆಗೆ ಬರುತ್ತಿದ್ದ. ಅವನ ನಂತರ ಬಂದ ಮೇಸ್ತ್ರಿ ಸ್ವಲ್ಪ ಜೋರಿನವನು. ಜಗಲಿಯಿಂದ ಒಳಗೆ ನುಗ್ಗಿ, ಸಭಾಂಗಣದಲ್ಲಿ ಗೋಡೆಗೆ ಹಾಕಿದ ಜಿಂಕೆಯ ತಲೆಯ ಕೆಳಗೆ ಒಂದು ಕುರ್ಚಿಯನ್ನೇ ಸಂಪಾದಿಸಿಕೊಂಡ. ಈಗ ಅವನ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ. ಕುರ್ಚಿ ಖಾಲಿ ಇತ್ತು.

ನಾಜೂಕಯ್ಯನಿಗೆ ಆ ಕುರ್ಚಿ ಬೇಕಿತ್ತು. ಬೇರೇನೂ ಬೇಕಿರಲಿಲ್ಲ. ಕನಸಿನಲ್ಲಿ ಕೂಡ ಅವನು ಅದರ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, ಜಗಲಿಯ ಮಣೆಯ ಕಡೆ ಯಾರಿಗೂ ಗೊತ್ತಾಗದಂತೆ ಬೆನ್ನು ತಿರುಗಿಸುತ್ತಿದ್ದ.

ಅಂಥ ಹೊತ್ತಿನಲ್ಲಿ ಸಂಘದ ಅಧ್ಯಕ್ಷರೇ ಓಣಿಯೊಳಗೆ ಕಾರು ತೂರಿಸಿ, ಎರಡು ಅಂಗಡಿಯ ಇಳಿಬಿಟ್ಟ ಪರದೆ ಸವರಿ, ಅವನ ಬಾಗಿಲಿಗೆ ಬಂದರು. ಸಿಮೆಂಟು ಕೊಳವೆಯ ಕಾರ್ಖಾನೆಯ ಯಜಮಾನರು. ಬಂದೂಕುದಾರರ ಸಂಘಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದು ಅವರ ಮೀಸೆ. ಗುಂಡಿನ ಸದ್ದು ಕೇಳಿದರೆ ಅವರಿಗೆ ತಲೆನೋವು ಬರುತ್ತಿತ್ತು. ಬಂದೂಕು ಹಿಡಿದು ಫೋಟೋ ತೆಗೆಸಿಕೊಳ್ಳುವಾಗಲೂ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳುತ್ತಾರೆ ಎಂದು ಫೋಟೋದವನು ಹೇಳಿಕೊಂಡು ತಿರುಗಿದ್ದ.

ಸುತ್ತಿದ್ದ ಬಟ್ಟೆ ಬಿಡಿಸಿ ಅವರು ಬೆಂಚಿನ ಮೇಲಿಟ್ಟದ್ದು ತಾತನ ಕಾಲದ ಜೋಡುನಳಿಗೆಯ ಬಂದೂಕು. ನಳಿಗೆ ಚೆನ್ನಾಗಿತ್ತು, ಮರ ಚೆನ್ನಾಗಿತ್ತು. ಕೆಟ್ಟಿದ್ದು ಹಿಂತುದಿಯ ರಬ್ಬರ್ ಪ್ಯಾಡು. ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತ ಭುಜಕ್ಕೆ ನೇರ ತಾಗದಿರಲಿ ಎಂದು ಮರಕ್ಕೆ ಬಿಗಿದ ಮೆತ್ತೆ ಅದು. ಅದುಮಿದಾಗ ಕುಗ್ಗಲೆಂದು ಅದರ ಪಕ್ಕದಲ್ಲಿ ಸಾಲಾಗಿ ಕಿಂಡಿಗಳಿದ್ದವು. ವಯಸ್ಸಾಗಿ ರಬ್ಬರು ಬಿರುಸಾಗಿ, ಒಂದು ಕಿಂಡಿಯಿಂದ ಇನ್ನೊಂದಕ್ಕೆ ಬಿರುಕು ಹಾದು, ಇಡೀ ಪ್ಯಾಡು ಒಣಗಿದ ಕೆರೆಯ ತಳದ ಹಾಗೆ ಕಾಣುತ್ತಿತ್ತು.

"ಮೇಸ್ತ್ರೀ, ಬೇರೆ ಪ್ಯಾಡ್ ಹಾಕ್ತೀನಿ ಅನ್ಬೇಡಿ. ರಬ್ಬರೂ ತಾತನ ಕಾಲದ್ದೇ ಇರ್ಬೇಕು. ಸಂಘದ ವಾರ್ಷಿಕ ದಿನ ಇದನ್ನ ಮೇಜಿನ ಮೇಲೆ ಇಡ್ತೀವಿ. ಬಿರುಕು ಕಾಣಬಾರ್ದು."

"ಹೊಡೆಯೋದುಂಟಾ ಸ್ವಾಮಿ?"

"ಛೆ, ಛೆ! ಇದನ್ನ ಹೊಡೆಯೋದಾ? ಇದು ನೋಡೋಕೆ ಇರೋದು." ಹೊರಡುವಾಗ ಅವರು ಮೀಸೆಯ ಒಂದು ತುದಿಯನ್ನು ಮಾತ್ರ ತಿರುವಿದರು. "ಇದೊಂದು ಮಾಡಿಕೊಡಿ. ಆಮೇಲೆ ಆ ಕುರ್ಚಿ ವಿಷಯ ಮಾತಾಡೋಣ."

ಅಂದು ಮಧ್ಯಾಹ್ನ ಬೆಂಚಿನ ಮೇಲೆ ಅಂಟುಗಳ ಪರೀಕ್ಷೆ ನಡೆಯಿತು. ಹಳೆಯ ಸೈಕಲ್ ಪೆಡಲಿನ ರಬ್ಬರನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಸೀಳಿ, ಒಂದೊಂದಕ್ಕೆ ಒಂದೊಂದು ಅಂಟು ಹಚ್ಚಿದ. ಎರಡು ಟ್ಯೂಬಿನದನ್ನು ಕಲಸಿ ಹಚ್ಚುವ ಅಂಟು ಕಬ್ಬಿಣದಷ್ಟು ಗಟ್ಟಿ ನಿಂತಿತು, ಆದರೆ ಹಳದಿ ಗೆರೆ ಬಿಟ್ಟಿತು. ಅದು ಬೇಡ. ಹನಿ ಬಿಟ್ಟರೆ ಕ್ಷಣದಲ್ಲಿ ಹಿಡಿಯುವ ನೀರಿನಂಥ ಅಂಟು ತಾನೇ ಬಿರುಕಿನೊಳಗೆ ಹರಿದುಹೋಗಿ, ಗೆರೆಯನ್ನೇ ನುಂಗಿತು. ನಾಜೂಕಯ್ಯನ ಕಣ್ಣು ಹೊಳೆಯಿತು. ತುಂಡನ್ನು ಬಗ್ಗಿಸಿದ. ಚಿಟಕ್ಕೆಂದು ಮುರಿಯಿತು. ಇನ್ನೊಂದನ್ನು ಮಾಡಿ ಬಗ್ಗಿಸಿದ. ಅದೂ ಮುರಿಯಿತು. ಆಮೇಲೆ ಅವನು ಬಗ್ಗಿಸುವುದನ್ನು ಬಿಟ್ಟುಬಿಟ್ಟ.

ಉಳಿದದ್ದು ಸೊಲ್ಯೂಷನ್. ಪಂಚರ್ ಹಾಕುವವರೂ ಚಪ್ಪಲಿ ಹೊಲಿಯುವವರೂ ಡಬ್ಬಿಯಲ್ಲಿಟ್ಟುಕೊಳ್ಳುವ ಅಂಟಂಟು ರಬ್ಬರ್ ಪಾಕ. ಅಪ್ಪ ಪ್ಯಾಡುಗಳಿಗೆ ಹಾಕುತ್ತಿದ್ದದ್ದು ಅದನ್ನೇ. ಬಿರುಕನ್ನು ಬಿಡಿಸಿ, ಒಳಗೆ ಇಳಿದ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮರಳುಕಾಗದದಿಂದ ಉಜ್ಜಿ ಒರಟು ಮಾಡಿ, ಎರಡೂ ಬದಿಗೆ ತೆಳ್ಳಗೆ ಬಳಿದು, ಬೆರಳಿಗೆ ಮೆತ್ತದಷ್ಟು ಆರಿದ ಮೇಲೆ ಒತ್ತಿ ಬಟ್ಟೆ ಸುತ್ತಿ ಇಟ್ಟುಬಿಡುತ್ತಿದ್ದ. ಬಗ್ಗಿಸಲಿ, ತಿರುಚಲಿ, ಅದು ರಬ್ಬರಿನ ಜೊತೆಗೇ ಬಗ್ಗುತ್ತಿತ್ತು. ದೋಷ ಒಂದೇ. ಗೆರೆ ಕಾಣುತ್ತಿತ್ತು, ವಾಸಿಯಾದ ಗಾಯದ ಹಾಗೆ ಉಬ್ಬಿ.

ಹೆಂಡತಿ ಸೊಪ್ಪು ಬಿಡಿಸುತ್ತಾ ಹಿಂದಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ಮಾವ ಹಾಕ್ತಿದ್ದದ್ದು ಅದೇ ಅಲ್ವೇನ್ರೀ? ಅದನ್ನೇ ಹಾಕಿ."

"ನಿಂಗೇನು ಗೊತ್ತಾಗುತ್ತೆ? ಚಪ್ಪಲಿಗೆ ಬಳಿಯೋದನ್ನ ತಂದು ಅಧ್ಯಕ್ಷರ ಭುಜಕ್ಕೆ ಬಳೀಲಾ?"

"ಭುಜ ಅಂದ್ರೆ ಎಲ್ಲರದ್ದೂ ಮಾಂಸ, ಮೂಳೆನೇ."

"ಅವರು ಹೊಡೆಯಲ್ಲ ಕಣೇ. ನೋಡೋಕೆ ಇಡ್ತಾರಂತೆ."

"ಹಾಗಾದ್ರೆ ನೋಡೋಕೆ ಇಟ್ಟಿರೋದು ಅಂತ ಒಂದು ಚೀಟಿ ಅಂಟಿಸಿಬಿಡಿ. ಆ ಕಪ್ಪಿಗೂ ಅಂಟಿಸಿದ್ರೆ ನನ್ನ ತಮ್ಮ ನೆಟ್ಟಗೆ ಕೂರ್ತಿದ್ದ."

ನಾಜೂಕಯ್ಯನ ಮನಸ್ಸು ಆಗಲೇ ತೀರ್ಮಾನ ಮಾಡಿತ್ತು. ಪೆಡಲಿನ ರಬ್ಬರನ್ನು ಅರದಿಂದ ಉಜ್ಜಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿದ. ಪುಡಿಯನ್ನು ಬಿರುಕಿಗೆ ತುಂಬಿ ಮೇಲೆ ನೀರಂಟಿನ ಹನಿ ಬಿಟ್ಟ. ಬಿರುಕಿನ ಅಂಚು ಕಿಂಡಿಯ ಬಾಯಲ್ಲಿ ಕಾಣುತ್ತಿದ್ದದ್ದರಿಂದ ಕಿಂಡಿಗಳನ್ನೂ ಒಳಗಿನಿಂದ ಅದೇ ಗಾರೆಯಲ್ಲಿ ಮೆತ್ತಿದ. ಉಜ್ಜಿದ, ತೀಡಿದ, ಎದುರಿನ ಚಪ್ಪಲಿ ಅಂಗಡಿಯಿಂದ ಕಪ್ಪು ಪಾಲಿಶ್ ತಂದು ಹಚ್ಚಿ ಮೆರುಗು ಕೊಟ್ಟ.

"ಚಪ್ಪಲಿಯವನ ಪಾಲಿಶ್ ಆಗುತ್ತೆ, ಅಂಟು ಆಗಲ್ಲ," ಎಂದಳು ಹೆಂಡತಿ, ಸೊಪ್ಪಿನ ದಂಟು ಬಿಸಾಡುತ್ತಾ.

ಪ್ಯಾಡು ಮದುವಣಗಿತ್ತಿಯ ಕಣ್ಣಿನ ಹಾಗೆ ಮಿಂಚುತ್ತಿತ್ತು. ಉಗುರಿನಿಂದ ತಟ್ಟಿದರೆ ಕಲ್ಲಿನ ಸದ್ದು ಬರುತ್ತಿತ್ತು. ಆದ್ದರಿಂದ ಅವನು ತಟ್ಟಲಿಲ್ಲ.

ಅಧ್ಯಕ್ಷರು ಬಂದರು. ಬೆಳಕಿಗೆ ಹಿಡಿದರು, ತಿರುಗಿಸಿದರು, ಕನ್ನಡಕ ತೆಗೆದು ಹಾಕಿ ನೋಡಿದರು. "ಎಲ್ಲಿ ಒಡೆದಿತ್ತು ತೋರಿಸಿ ನೋಡೋಣ" ಎಂದು ನಾಜೂಕಯ್ಯ ಕೈಕಟ್ಟಿ ನಿಂತ. ಅಧ್ಯಕ್ಷರು ಸೋತರು. ಮೀಸೆಯ ಎರಡೂ ತುದಿ ತಿರುವಿ, "ವಾರ್ಷಿಕ ದಿನ ನೀವು ಕೋಟು ಹಾಕ್ಕೊಂಡು ಬನ್ನಿ" ಎಂದು ಹೇಳಿಹೋದರು. ಆ ರಾತ್ರಿ ನಾಜೂಕಯ್ಯ ಹೆಂಡತಿಯಿಂದ ಕೋಟಿನ ಗುಂಡಿ ಬಿಗಿ ಮಾಡಿಸಿಕೊಂಡ.

ವಾರ್ಷಿಕ ದಿನ ಕಾರ್ಖಾನೆಯ ಹಿಂದಿನ ಬಯಲಲ್ಲಿ ಶಾಮಿಯಾನ, ಕುರ್ಚಿಗಳ ಸಾಲು, ಬಿಸ್ಕತ್ತಿನ ತಟ್ಟೆ. ಬಯಲಿನ ಆ ತುದಿಯಲ್ಲಿ ಮಣ್ಣಿನ ದಿಬ್ಬಕ್ಕೆ ಒರಗಿಸಿದ ತಗಡಿನ ಗುರಿಹಲಗೆ. ಸದಸ್ಯರೆಲ್ಲ ಬೇಟೆಗಾರರ ಟೋಪಿ ಹಾಕಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಹೊಡೆದಿದ್ದದ್ದು ಸೊಳ್ಳೆಯನ್ನು ಮಾತ್ರ. ಮೇಜಿನ ಮೇಲೆ ಮಖಮಲ್ಲಿನ ಬಟ್ಟೆ ಹಾಸಿ ಜೋಡುನಳಿಗೆಯನ್ನು ಮಲಗಿಸಿದ್ದರು. ಒಬ್ಬೊಬ್ಬರೂ ಬಂದು ಬಾಗಿ ನೋಡಿ, "ಒಡೆದಿತ್ತಂತಲ್ಲ, ಎಲ್ಲಿ?" ಎನ್ನುವಾಗ ನಾಜೂಕಯ್ಯನಿಗೆ ಒಂದೊಂದು ಅಂಗುಲ ಎತ್ತರವಾದಂತೆ ಅನ್ನಿಸುತ್ತಿತ್ತು.

ಆಗ ಒಂದು ಕಾರು ಬಂತು. ಅದರಿಂದ ಊರುಗೋಲೊಂದು ಮೊದಲು ಇಳಿಯಿತು, ಆಮೇಲೆ ಒಬ್ಬ ಮುದುಕಿ. ಒಣಗಿದ ಕಡ್ಡಿಯಂಥ ಮೈ, ಕತ್ತಿನ ಬುಡದಲ್ಲಿ ಎಲುಬು ಎದ್ದು ಕಾಣುತ್ತಿತ್ತು. ಅಧ್ಯಕ್ಷರ ಸೋದರತ್ತೆ, ಬಂದೂಕಿನ ತಾತನ ಮಗಳು.

ಅಧ್ಯಕ್ಷರು ಧ್ವನಿವರ್ಧಕಕ್ಕೆ ಬಾಯಿ ಹಚ್ಚಿದರು. "ಈಗ ನಮ್ಮ ಅತ್ತೆಯವರು, ಅವರ ತಂದೆಯವರ ಬಂದೂಕಿನಿಂದ್ಲೇ ಮೊದಲ ಗುಂಡು ಹಾರಿಸಿ ಕಾರ್ಯಕ್ರಮ ಉದ್ಘಾಟಿಸ್ತಾರೆ. ಬೇಡ ಅಂದೆ, ಕೇಳಲಿಲ್ಲ!"

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಾಜೂಕಯ್ಯ ಚಪ್ಪಾಳೆಯನ್ನು ಅರ್ಧಕ್ಕೇ ನಿಲ್ಲಿಸಿದ.

ಮುದುಕಿ ಊರುಗೋಲನ್ನು ಯಾರದೋ ಕೈಗೆ ಕೊಟ್ಟು ಬಂದೂಕು ಎತ್ತಿಕೊಂಡಳು. ನಳಿಗೆ ಮಡಿಸಿ ಒಳಗೆ ಇಣುಕಿದ ರೀತಿ ನೋಡಿದರೆ, ಆ ಶಾಮಿಯಾನದಡಿ ಬಂದೂಕು ಹಿಡಿದು ಗೊತ್ತಿದ್ದವಳು ಅವಳೊಬ್ಬಳೇ ಎನ್ನುವುದು ಸ್ಪಷ್ಟವಿತ್ತು. ಎರಡು ತೋಟಾ ತುಂಬಿಸಿಕೊಂಡಳು. ನಾಜೂಕಯ್ಯ ಅವಳ ಕತ್ತಿನ ಬುಡದ ಆ ಎಲುಬನ್ನು ನೋಡಿದ. ಆಮೇಲೆ ತಾನು ಮಾಡಿದ ಕಲ್ಲನ್ನು ನೋಡಿದ. ಎಲುಬು ಮುರಿದರೆ ಆಸ್ಪತ್ರೆ, ಆಸ್ಪತ್ರೆಯಲ್ಲಿ ಯಾಕೆ ಮುರಿಯಿತೆಂಬ ಪ್ರಶ್ನೆ, ಪ್ರಶ್ನೆಯ ಕೊನೆಗೆ ಪ್ಯಾಡು. ಕುರ್ಚಿ ಹೋಯಿತು. ಈಗಲೇ ಬಾಯಿಬಿಟ್ಟು, ಇದು ಹೊಡೆಯುವಂಥದ್ದಲ್ಲ, ನಾನು ನೋಡೋಕೆ ಮಾತ್ರ ಮಾಡಿದ್ದು ಎಂದರೆ? ಆಗಲೂ ಕುರ್ಚಿ ಹೋಯಿತು, ಮರ್ಯಾದೆ ಸಮೇತ. ಮುದುಕಿಯ ಮೇಲಿನ ಕರುಣೆಯೂ ಈ ಲೆಕ್ಕದಲ್ಲಿ ಎಲ್ಲೋ ಇದ್ದಿರಬಹುದು. ಮೊದಲ ಸಾಲಿನಲ್ಲಂತೂ ಇರಲಿಲ್ಲ.

ಬಂದೂಕು ಅವಳ ಭುಜಕ್ಕೆ ಏರುವಷ್ಟರಲ್ಲಿ ಅವನು ನುಗ್ಗಿ ಮುಂದೆ ನಿಂತ.

"ಅಮ್ಮಾವ್ರೇ, ತಡೀರಿ! ಸಂಪ್ರದಾಯ ಇದೆ!"

"ಯಾವ ಸಂಪ್ರದಾಯವಪ್ಪ?"

ಅದು ಅವನಿಗೂ ಇನ್ನೂ ಗೊತ್ತಿರಲಿಲ್ಲ. ನಾಲಿಗೆ ತಾನೇ ಮುಂದೆ ಓಡಿತು. "ಅಂದ್ರೆ... ನಮ್ಮ ಕಸುಬಿನಲ್ಲಿ, ನಮ್ಮಪ್ಪನ ಕಾಲದಿಂದ, ಅದಕ್ಕೂ ಹಿಂದಿನಿಂದ... ರಿಪೇರಿ ಮಾಡಿದವನೇ ಮೊದಲು ಹೊಡೀಬೇಕು. ಆಮೇಲೇ ಯಜಮಾನರ ಕೈಗೆ."

"ಓಹೋ! ಎಂಥ ಸಂಪ್ರದಾಯ!" ಎಂದರು ಅಧ್ಯಕ್ಷರು. ಹಳೆಯದು ಎಂದು ಯಾರಾದರೂ ಹೇಳಿದರೆ ಸಾಕು, ಅವರು ತಕ್ಷಣ ಭಾವುಕರಾಗುತ್ತಿದ್ದರು.

ಮುದುಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮ್ಮಪ್ಪ ನಮ್ಮ ಮನೆಗೆ ಬರ್ತಿದ್ದ. ಅವನು ಹೊಡೆದದ್ದು ನಾನು ನೋಡಿಲ್ಲ. ಇರ್ಲಿ. ತಗೋ, ಹೊಡಿ." ಬಂದೂಕು ಕೊಡುವಾಗ ಅವಳ ಹೆಬ್ಬೆರಳು ಪ್ಯಾಡನ್ನು ಒಮ್ಮೆ ಒತ್ತಿತು. ಪ್ಯಾಡು ಒಂದು ಕೂದಲಿನಷ್ಟೂ ಕುಗ್ಗಲಿಲ್ಲ. ಅವಳ ಹುಬ್ಬು ಮಾತ್ರ ಸ್ವಲ್ಪ ಮೇಲೇರಿತು. "ಎರಡೂ ನಳಿಗೆ ಹೊಡಿ. ಪರೀಕ್ಷೆ ಅಂದ್ಮೇಲೆ ಅರ್ಧ ಯಾಕೆ?"

ಅಧ್ಯಕ್ಷರು ಕಿವಿಗೆ ಹತ್ತಿ ಸಿಕ್ಕಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ನಾಜೂಕಯ್ಯ ಬಂದೂಕನ್ನು ಭುಜಕ್ಕೆ ಒತ್ತಿ ಹಿಡಿದ. ಬಂದೂಕುಗಳ ನಡುವೆಯೇ ಬದುಕು ಕಳೆದಿದ್ದರೂ ಭುಜಕ್ಕೆ ಏರಿಸಿ ಹೊಡೆದವನಲ್ಲ. ವೈಸಿಗೆ ಕಟ್ಟಿ, ದಾರ ಎಳೆದು ನೋಡುವುದಷ್ಟೇ ಅವನ ರೂಢಿ. ಈಗ ವೈಸಿನ ಜಾಗದಲ್ಲಿ ತಾನೇ ಇದ್ದ.

ಮೊದಲ ಗುಂಡಿಗೆ ಒಂದು ಕತ್ತೆ ಒದೆದ ಹಾಗಾಯಿತು. ಎರಡನೆಯದನ್ನು ಅವನು ಹಾರಿಸಬೇಕೆಂದು ಹಾರಿಸಿದ್ದಲ್ಲ. ನೋವಿಗೆ ಬೆರಳು ಮುದುಡಿ, ಬಂದೂಕಿನ ಕುದುರೆಯನ್ನು ತಾನೇ ಎಳೆಯಿತು. ಈ ಸಲ ಒದ್ದದ್ದು ಕತ್ತೆಯ ಯಜಮಾನ. ಕಣ್ಣ ಮುಂದೆ ಶಾಮಿಯಾನ, ಬಿಸ್ಕತ್ತು, ಟೋಪಿಗಳು ಎಲ್ಲ ಒಂದು ಸುತ್ತು ಸುತ್ತಿ ವಾಪಸು ಬಂದು ಕೂತವು. ಗುರಿಹಲಗೆಗೆ ಏನೂ ಆಗಿರಲಿಲ್ಲ. ಅದರ ಪಕ್ಕದಲ್ಲಿದ್ದ ಸಿಮೆಂಟು ಕೊಳವೆಯೊಂದು ಬಾಯಿ ಒಡೆದುಕೊಂಡಿತ್ತು.

ಆದರೆ ಅವನು ಬೀಳಲಿಲ್ಲ. ಕುರ್ಚಿಯನ್ನು ನೆನೆದು ನೆಟ್ಟಗೆ ನಿಂತ. ಮುಖದ ಮೇಲೆ ಒಂದು ನಗೆಯನ್ನು, ಪ್ಯಾಡಿನ ಪಾಲಿಶ್ ಹಾಗೆಯೇ, ತಂದು ಮೆತ್ತಿಕೊಂಡ. ಪ್ಯಾಡಿನಿಂದ ಹೆಬ್ಬೆಟ್ಟಿನಷ್ಟು ದೊಡ್ಡ ತುಂಡೊಂದು ಸಿಡಿದು ಕಾಲಬಳಿ ಬಿದ್ದಿತ್ತು. ಯಾರೂ ನೋಡುವ ಮೊದಲು ಅದರ ಮೇಲೆ ಬೂಟು ಇಟ್ಟ.

"ನೋಡಿ, ಅಲುಗಾಡಲಿಲ್ಲ!" ಎಂದರು ಅಧ್ಯಕ್ಷರು, ಹತ್ತಿ ಕೀಳುತ್ತಾ. "ಇದಪ್ಪ ಮೇಸ್ತ್ರಿ ಅಂದ್ರೆ! ಭುಜವೋ, ಬಂಡೆಯೋ!" ಚಪ್ಪಾಳೆ ಜೋರಾಯಿತು.

ಮುದುಕಿ ಊರುಗೋಲು ಕೇಳಿ ಪಡೆದು ಹತ್ತಿರ ಬಂದಳು. ಅದರ ತುದಿಯಿಂದ ಅವನ ಬೂಟನ್ನು ತಟ್ಟಿ ಮೆಲ್ಲಗೆ, "ಕಾಲೆತ್ತು" ಎಂದಳು.

"ಏನಿಲ್ಲ ಅಮ್ಮಾವ್ರೇ..."

"ಎತ್ತಪ್ಪ. ನನಗೆ ಬಗ್ಗೋಕೆ ಆಗಲ್ಲ, ನೀನೇ ಎತ್ತಿ ಕೊಡು."

ಅವನು ಎಡಗೈಯಲ್ಲಿ ಎತ್ತಿ ಕೊಟ್ಟ, ಬಲಗೈ ಏಳುವ ಸ್ಥಿತಿಯಲ್ಲಿರಲಿಲ್ಲ. ಅವಳು ತುಂಡನ್ನು ಮೇಜಿನ ಮೇಲಿನ ಬಿಸ್ಕತ್ತಿನ ತಟ್ಟೆಗೆ ಹಾಕಿದಳು. ಟಣ್ ಎಂದಿತು.

"ಇದು ರಬ್ಬರಾ?"

ಅವನು ತಟ್ಟೆಯ ಬಿಸ್ಕತ್ತುಗಳನ್ನು ನೋಡಿದ.

"ಈ ಟಣ್ ನನ್ನ ಭುಜಕ್ಕಿತ್ತು ಅಲ್ವಾ?"

ಇಂಗು ತಿಂದ ಮಂಗನ ಹಾಗೆ ಅವನು ನಿಂತೇ ಇದ್ದ. ಈಗ ಅವಳು ಗಟ್ಟಿಯಾಗಿ ಒಂದು ಮಾತು ಆಡಿದರೆ ಮುಗಿಯಿತು. ಅಲ್ಲಿಂದ ಜಗಲಿಯ ಮಣೆಯೂ ಅವನಿಗೆ ಸಿಗುವಂತಿರಲಿಲ್ಲ. ಅವಳು ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಧ್ವನಿವರ್ಧಕದ ಕಡೆ ನಡೆದಳು.

"ಮೇಸ್ತ್ರಿ ಹೇಳಿದ ಸಂಪ್ರದಾಯ ನನಗೆ ತುಂಬ ಹಿಡಿಸ್ತು," ಎಂದಳು. "ಇಂಥದ್ದು ಬಾಯಿಮಾತಲ್ಲಿ ಉಳೀಬಾರ್ದು, ಸಂಘದ ನಿಯಮದಲ್ಲೇ ಸೇರ್ಬೇಕು. ಸಂಘದ ಮೇಸ್ತ್ರಿ ಆದವನು ರಿಪೇರಿ ಮಾಡಿದ ಪ್ರತಿಯೊಂದು ಬಂದೂಕನ್ನೂ ಎಲ್ಲರ ಎದುರಿಗೆ ತನ್ನ ಭುಜಕ್ಕೆ ಇಟ್ಟು, ಎರಡೂ ನಳಿಗೆ ಹೊಡೆದು ತೋರಿಸಿಯೇ ವಾಪಸು ಕೊಡ್ಬೇಕು. ಏನಂತೀರಿ?"

ಎಲ್ಲರೂ ಕೈ ಎತ್ತಿದರು. ಅಧ್ಯಕ್ಷರು ಎರಡೂ ಕೈ ಎತ್ತಿದರು. ನಾಜೂಕಯ್ಯ ಕೂಡ ಎತ್ತಬೇಕಾಯಿತು, ಎಡಗೈಯನ್ನು. ಅದೇ ಉಸಿರಿನಲ್ಲಿ ಅವನನ್ನು ಸಂಘದ ಮೇಸ್ತ್ರಿಯೆಂದು ಘೋಷಿಸಿ, ಕೋಟಿಗೆ ಬಿಲ್ಲೆ ಚುಚ್ಚಿದರು. ಬಲಗಡೆ ಚುಚ್ಚಿದರು.

ಮರುದಿನ ಜೋಡುನಳಿಗೆ ಮತ್ತೆ ಅಂಗಡಿಗೆ ಬಂತು. ಜೊತೆಗೆ ಕರವಸ್ತ್ರದಲ್ಲಿ ಸುತ್ತಿದ ತುಂಡು. "ಬಿರುಕು ಕಂಡರೆ ಕಾಣಲಿ ಅಂತ ಅಮ್ಮಾವ್ರು ಹೇಳಿದ್ದಾರೆ" ಎಂದ ಕಾರಿನ ಚಾಲಕ. ನಾಜೂಕಯ್ಯ ಒಂದು ಹೊತ್ತು ಪೂರ್ತಿ ಕೂತು ಕಿಂಡಿಗಳಿಂದ ತನ್ನ ಗಾರೆಯನ್ನು ಕೆತ್ತಿ ತೆಗೆದ. ಅಂಟಿಸುವಾಗ ಹೆಮ್ಮೆಪಟ್ಟ ಒಂದೊಂದು ಹನಿಯನ್ನೂ ಶಪಿಸುತ್ತಾ ಕೆರೆದ. ಆಮೇಲೆ ಓಣಿ ದಾಟಿ ಚಪ್ಪಲಿಯವನ ಎದುರು ಹೋಗಿ ಡಬ್ಬಿ ಚಾಚಿದ.

"ಸೊಲ್ಯೂಷನ್ನಾ? ಯಾರ ಚಪ್ಪಲಿ ಕಿತ್ತೋಯ್ತು ಮೇಸ್ತ್ರಿಗಳೇ?"

"ಅಧ್ಯಕ್ಷರದ್ದು," ಎಂದು ನಾಜೂಕಯ್ಯ ಗೊಣಗಿದ.

ಅಂದಿನಿಂದ ಅವನ ಕೈಯಿಂದ ಹೋದ ಪ್ಯಾಡುಗಳಲ್ಲಿ ಗೆರೆ ಇಲ್ಲದ್ದು ಒಂದೂ ಇರಲಿಲ್ಲ. ಒಳಗಿನ ಎಣ್ಣೆ ಒರೆಸಿದ, ಉಜ್ಜಿದ, ಅಂಟು ಆರುವ ತನಕ ಕಾದ, ಬಗ್ಗಿಸಿ ನೋಡಿದ, ಮತ್ತೆ ಬಗ್ಗಿಸಿ ನೋಡಿದ. ಜೀವ ಹೋದ ರಬ್ಬರಾದರೆ, "ಇದು ಆಗಲ್ಲ, ಹೊಸದು ಹಾಕಿ" ಎಂದು ಮುಖಕ್ಕೆ ಹೇಳಿದ. ಇದನ್ನು ಜ್ಞಾನೋದಯ ಎಂದು ಯಾರೂ ತಪ್ಪು ತಿಳಿಯಬಾರದು. ಪರೀಕ್ಷೆಗೆ ಕೂರುವುದು ತನ್ನದೇ ಭುಜ ಎಂದಾದರೆ ಎಂಥ ಕಲಾವಿದನೂ ಸೊಲ್ಯೂಷನ್ ಹಚ್ಚುತ್ತಾನೆ.

ಸಂಘದವರಿಗಂತೂ ಹಬ್ಬ. ತಾತ ಮುತ್ತಾತಂದಿರ ಕಾಲದಿಂದ ಪೆಟ್ಟಿಗೆಯಿಂದ ಹೊರಬಾರದ ಬಂದೂಕುಗಳೆಲ್ಲ ರಿಪೇರಿಗೆ ಬಂದವು. ಕೆಟ್ಟಿದ್ದವು ಕಡಿಮೆ, ಮೇಸ್ತ್ರಿ ಹೊಡೆಯುವುದನ್ನು ನೋಡಲು ತಂದವೇ ಹೆಚ್ಚು. ಆ ಸಂಪ್ರದಾಯ ರಾಜರ ಕಾಲದ್ದೆಂದು ಅಧ್ಯಕ್ಷರು ಅತಿಥಿಗಳಿಗೆ ವಿವರಿಸುತ್ತಿದ್ದರು. ನಾಜೂಕಯ್ಯ ಜಿಂಕೆಯ ತಲೆಯ ಕೆಳಗೆ, ತನಗೆ ಸಿಕ್ಕ ಕುರ್ಚಿಯಲ್ಲಿ, ಎಡಕ್ಕೆ ವಾಲಿಕೊಂಡು ಕೂತಿರುತ್ತಿದ್ದ. ಬಲಕ್ಕೆ ಒರಗಲು ಆಗುತ್ತಿರಲಿಲ್ಲ.

ಕೊನೆಗೆ ಹೆಂಡತಿಯೇ ಒಂದು ಸಂಜೆ ಅವನ ಕೋಟು ತೆಗೆದುಕೊಂಡು, ಬಲಭುಜದ ಮೇಲೆ ಸ್ಪಂಜಿನ ತುಂಡಿಟ್ಟು, ಮೇಲೊಂದು ಚರ್ಮದ ತೇಪೆ ಹಾಕಿ ಹೊಲಿದು ಕೊಟ್ಟಳು. ಕಪ್ಪು ಕೋಟು, ಕಂದು ತೇಪೆ, ಬಿಳಿ ದಾರ. ಅವನು ಅದನ್ನು ದೀಪದ ಕೆಳಗೆ ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದ.

"ಅಲ್ಲ ಕಣೇ, ಕಪ್ಪು ದಾರ ಸಿಗಲಿಲ್ವಾ ನಿಂಗೆ?"

"ಸಿಕ್ತು," ಎಂದಳು ಅವಳು. "ಹಾಕಲಿಲ್ಲ."